ಎಡ ಹೆಬ್ಬೆರಳಿನ ದೂರು

ರಾಜಾಜಿನಗರದಲ್ಲಿ ಒಂದು ಹಿಟ್ಟಿನ ಗಿರಣಿ. ಅದರ ಮೇಲಿನ ಮಹಡಿಯಲ್ಲಿ ಎರಡು ಕೋಣೆ. ಕೆಳಗಿನಿಂದ ರಾಗಿ ಬೀಸುವ ಸದ್ದು ಬರುತ್ತದೆ, ಮೇಲೆ ಬೆಸುಗೆ ಹೊಗೆಯ ವಾಸನೆ. ನನ್ನ ಚಿಕ್ಕಮ್ಮನ ಮಗ ಮತ್ತು ಅವನ ಇಬ್ಬರು ಜೊತೆಗಾರರು ಅಲ್ಲಿ ಕೈಯಲ್ಲಿ ಹಿಡಿಯುವ ಕಂಪ್ಯೂಟರ್ ಒಂದನ್ನು ಕಟ್ಟುತ್ತಿದ್ದಾರೆ. ಪರದೆ ಮುಟ್ಟಿ ಬರೆಯುವಂಥದ್ದಲ್ಲ. ನಿಜವಾದ ಕೀಬೋರ್ಡ್ ಇರುವಂಥದ್ದು. ಮಾರ್ಚ್ ಕೊನೆಯಲ್ಲಿ ಅವನು ಅದರ ಎರಡನೆಯ ಮಾದರಿಯನ್ನು ನನ್ನ ಕೈಗೆ ಕೊಟ್ಟ.

"ಅಕ್ಕ, ಮೂರು ವಾರ ಇಟ್ಕೋ. ಇದರಲ್ಲೇ ಕನ್ನಡ ಬರಿ. ಎಲ್ಲಿ ಕೈ ಕೊಡುತ್ತೆ ಅಂತ ಹೇಳು. ಸುಮ್ನೆ ಚೆನ್ನಾಗಿದೆ ಅಂತ ಮಾತ್ರ ಅನ್ನಬೇಡ."

ನನ್ನನ್ನೇ ಕೇಳಿದ್ದಕ್ಕೆ ಕಾರಣ ಇದೆ. ನನ್ನದು ಕನ್ನಡ ಬರಹ ತಿದ್ದುವ, ಅನುವಾದ ಮಾಡುವ ಕೆಲಸ. ದಿನವೂ ಬನಶಂಕರಿಯಿಂದ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ಇಳಿದು ಹಸಿರು ಮಾರ್ಗದಿಂದ ನೇರಳೆಗೆ ಬದಲಾಯಿಸಿ ಇಂದಿರಾನಗರಕ್ಕೆ ಹೋಗುತ್ತೇನೆ. ಲ್ಯಾಪ್‌ಟಾಪ್ ತೆರೆಯಲು ಅಲ್ಲಿ ಜಾಗ ಇರುವುದಿಲ್ಲ. ಫೋನಿನಲ್ಲಿ ಉದ್ದದ ಬರಹ ನನಗೆ ಆಗುವುದಿಲ್ಲ. ಅವರ ಯಂತ್ರ ಯಾರಿಗಾದರೂ ಬೇಕು ಅಂತಿದ್ದರೆ ಅದು ನನ್ನಂಥವರಿಗೇ. ತಂಡದ ಮೂವರಲ್ಲಿ ಇಬ್ಬರು ಮನೆಯಲ್ಲಿ ಕನ್ನಡ ಮಾತಾಡುವವರು. ಆದರೆ ಮೂವರೂ ಬರೆಯುವುದು ಇಂಗ್ಲಿಷಿನಲ್ಲಿ, ಅದೂ ಹೆಚ್ಚಾಗಿ ಕೋಡ್. ಒಂದು ಪುಟ ಕನ್ನಡವನ್ನು ಆ ಕೀಗಳ ಮೇಲೆ ಯಾರೂ ಬರೆದು ನೋಡಿರಲಿಲ್ಲ.

ಯಂತ್ರ ಹೇಗಿತ್ತು

ಮುಚ್ಚಿದಾಗ ದಪ್ಪನೆಯ ಪಂಚಾಂಗದಷ್ಟು. ತೂಕ ಸುಮಾರು 420 ಗ್ರಾಂ. ಮೈಯೆಲ್ಲ ತ್ರೀಡಿ ಪ್ರಿಂಟರಿನಲ್ಲಿ ಮಾಡಿದ ಪ್ಲಾಸ್ಟಿಕ್. ಬೆರಳು ಸವರಿದರೆ ಪದರ ಪದರವಾಗಿ ಗೊತ್ತಾಗುತ್ತದೆ, ಹಳೆಯ ಗ್ರಾಮಫೋನ್ ತಟ್ಟೆಯ ಹಾಗೆ. ಮೇಲಿನ ಮುಚ್ಚಳದಲ್ಲಿ 5 ಅಂಗುಲದ ಪರದೆ. ಒಳಗೆ ಒಂದು ಚಿಕ್ಕ ಬೋರ್ಡ್, ಅದನ್ನು ನಡೆಸುವ ತಂತ್ರಾಂಶ ಲಿನಕ್ಸ್. ಎರಡು 18650 ಸೆಲ್ಲುಗಳು. ಹೆಸರೇ ಅಳತೆ ಹೇಳುತ್ತದೆ, 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ.

ಎರಡೂ ಕೈಯಲ್ಲಿ ಹಿಡಿದು ಹೆಬ್ಬೆರಳುಗಳಿಂದ ಒತ್ತುವ ಕೀಬೋರ್ಡಿನಲ್ಲಿ 50 ಕೀ. ಐದು ಸಾಲು, ಸಾಲಿಗೆ ಹತ್ತು. ಮೇಲೆ ಅಂಕಿಗಳು, ನಡುವೆ ಮೂರು ಸಾಲು ಅಕ್ಷರಗಳು, ಕೆಳಗಡೆ ಸ್ಪೇಸ್, ಕಂಟ್ರೋಲ್ ಇತ್ಯಾದಿ. ಶಿಫ್ಟ್ ಒಂದೇ ಒಂದು, ಎಡಗಡೆ ಕೆಳಮೂಲೆಯಲ್ಲಿ. ಈ ಮೂಲೆಯ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಕೀಬೋರ್ಡಿಗೆ ಅದರದ್ದೇ ಬೇರೆ ಚಿಪ್ಪು ಇದೆ, ಆರ್‌ಪಿ2040. 50 ಕೀಗೂ 50 ತಂತಿ ಎಳೆಯುವುದಿಲ್ಲ. ಐದು ಅಡ್ಡ ತಂತಿ, ಹತ್ತು ಉದ್ದ ತಂತಿ. ಎರಡೂ ಕೂಡುವ ಕಡೆಯೆಲ್ಲ ಒಂದು ಸ್ವಿಚ್, ಜೊತೆಗೆ ಒಂದು ಡಯೋಡ್. ಚಿಪ್ಪು ಸಾಲುಗಳನ್ನು ಒಂದಾದ ಮೇಲೆ ಒಂದು ತಡವುತ್ತಾ ಯಾವ ಕೀ ಒತ್ತಿದೆ ಅಂತ ಹುಡುಕುತ್ತದೆ. 50 ಕೀ 15 ತಂತಿಯಲ್ಲಿ ಮುಗಿಯುತ್ತದೆ. ಮೂರ್ನಾಲ್ಕು ಕೀ ಒಟ್ಟಿಗೆ ಒತ್ತಿದಾಗ ಒತ್ತದೇ ಇರುವ ಕೀ ಕೂಡ ಬಂದ ಹಾಗೆ ಕಾಣದಿರಲಿ ಅಂತ ಡಯೋಡ್.

ಇಂಥ ಯಂತ್ರ ಹೊಸದಲ್ಲ ಅನ್ನಿ. ನೋಕಿಯಾದ 9000 ಕಮ್ಯುನಿಕೇಟರ್ ಬಂದದ್ದು 1996ರಲ್ಲಿ. ಮರುವರ್ಷ ಇಂಗ್ಲೆಂಡಿನ ಸಯಾನ್ ಕಂಪನಿಯ ಸೀರೀಸ್ 5 ಬಂತು. ಅದರ ಕೀಬೋರ್ಡನ್ನು ನೆನೆದು ನಿಟ್ಟುಸಿರು ಬಿಡುವವರು ಇವತ್ತಿಗೂ ಇದ್ದಾರೆ. ನಮ್ಮ ಊರಿನದೇ ಒಂದು ಕಥೆಯೂ ಇದೆ, ಸಿಂಪ್ಯೂಟರ್. ಭಾರತೀಯ ವಿಜ್ಞಾನ ಸಂಸ್ಥೆಯ ಮೇಷ್ಟ್ರುಗಳು ಮತ್ತು ಎನ್ಕೋರ್ ಸಾಫ್ಟ್‌ವೇರ್ ಸೇರಿ ರೂಪಿಸಿದ್ದು. 2004ರಲ್ಲಿ ಅಮಿಡಾ ಅನ್ನುವ ಹೆಸರಿನಲ್ಲಿ ಬಿಇಎಲ್ ಜೊತೆಗೂಡಿ ಅದನ್ನು ಮಾರುಕಟ್ಟೆಗೆ ತಂದರು. ಅದರಲ್ಲಿ ಕೀಬೋರ್ಡ್ ಇರಲಿಲ್ಲ, ಕಡ್ಡಿಯಿಂದ ಪರದೆ ಮುಟ್ಟಬೇಕಿತ್ತು. ಓದಲು ಬಾರದವರಿಗೂ ಆಗಬೇಕು ಅನ್ನುವ ಆಸೆ ಅವರದು, ಹಾಗಾಗಿ ಅದು ಸರಿಯೇ. ನನ್ನ ತಮ್ಮನ ಆಸೆ ಬೇರೆ. ಬರೆಯುವವರಿಗೆ ಆಗಬೇಕು.

ಬೆಂಗಳೂರು ಬರೆಯಲು ಬಾರದ ಯಂತ್ರ

ಮೊದಲ ಸಂಜೆ ಮನೆಯಲ್ಲಿ ಕೂತು ಊರಿನ ಹೆಸರು ಬರೆಯಲು ಹೋದೆ. "ಬೆಂಗ" ಅಂತ ಬಂತು, ಅಲ್ಲಿಗೇ ನಿಂತಿತು. ನಾನು ಬಳಸುವುದು ಕೆ.ಪಿ. ರಾವ್ ಅವರ ಕನ್ನಡ ಕೀಬೋರ್ಡ್ ವಿನ್ಯಾಸ, ನುಡಿ ತಂತ್ರಾಂಶದಿಂದ ಮನೆಮಾತಾದದ್ದು. ಅದರಲ್ಲಿ ಎಲ್ ಒತ್ತಿದರೆ ಲ, ಶಿಫ್ಟ್ ಜೊತೆ ಎಲ್ ಒತ್ತಿದರೆ ಳ. ಎಲ್ ಕೀ ಸತ್ತಿತ್ತು. ಬೆಂಗಳೂರಿನಲ್ಲೇ ಹುಟ್ಟಿದ ಯಂತ್ರ, ಬೆಂಗಳೂರು ಅಂತ ಬರೆಯಲು ಬರುತ್ತಿಲ್ಲ.

ಮಾರನೆಯ ದಿನ ಗಿರಣಿ ಮೇಲೆ ಹೋಗಿ ತೋರಿಸಿದೆ. ಹಾಸನದ ಕಡೆಯ ಹುಡುಗಿ ಒಬ್ಬಳು ಅಲ್ಲಿ ಕೀಬೋರ್ಡಿನ ಕೆಲಸ ನೋಡುತ್ತಾಳೆ. ಅವಳು ಭೂತಗನ್ನಡಿ ಹಿಡಿದು ನೋಡಿದವಳೇ ನಕ್ಕಳು. ಎಲ್ ಕೆಳಗಿನ ಡಯೋಡನ್ನು ತಿರುವುಮುರುವಾಗಿ ಕೂರಿಸಿದ್ದರು. ಡಯೋಡ್ ಒಂದೇ ದಿಕ್ಕಿಗೆ ಕರೆಂಟು ಬಿಡುತ್ತದೆ. ಉಲ್ಟಾ ಇದ್ದರೆ ಆ ಕೀ ಒತ್ತಿದರೂ ಒತ್ತದಿದ್ದರೂ ಒಂದೇ. "ಇಂಗ್ಲಿಷಲ್ಲಿ ಪರೀಕ್ಷೆ ಮಾಡಿದಾಗ ಗೊತ್ತಾಗಲಿಲ್ವಾ?" ಅಂದೆ. "ಆ ಬೋರ್ಡ್ ಬೇರೆ ಅಕ್ಕಾ, ನಿಮಗೆ ಕೊಟ್ಟಿದ್ದು ಮೊನ್ನೆ ರಾತ್ರಿ ಬೆಸುಗೆ ಹಾಕಿದ್ದು" ಅಂದಳು. ಹತ್ತು ನಿಮಿಷದಲ್ಲಿ ಸರಿ ಹೋಯಿತು.

ವಾಪಸು ಬರುವಾಗ ಮೆಟ್ರೋ ತಪಾಸಣೆಯಲ್ಲಿ ಬ್ಯಾಗ್ ನಿಲ್ಲಿಸಿದರು. ನಿಲ್ಲಿಸದೇ ಇರುತ್ತಾರೆಯೇ? ಎಕ್ಸ್‌ರೇ ಪರದೆಯಲ್ಲಿ ಪ್ಲಾಸ್ಟಿಕ್ ಡಬ್ಬಿ, ಒಳಗೆ ಎರಡು ಸೆಲ್, ಸುತ್ತಲೂ ತಂತಿ. "ಏನ್ ಮೇಡಂ ಇದು?" ಅಂದರು ಕಾವಲಿನವರು. ಕಂಪ್ಯೂಟರ್ ಅಂದೆ. ನಂಬಲಿಲ್ಲ. ಆನ್ ಮಾಡಿ ತೋರಿಸಿದೆ. "ಕನ್ನಡ ಬರುತ್ತಾ? ನಮ್ಮೂರ ಹೆಸರು ಬರೀರಿ ನೋಡೋಣ, ಚನ್ನರಾಯಪಟ್ಟಣ." ಹಿಂದೆ ಸಾಲು ಬೆಳೆಯುತ್ತಿತ್ತು. ಬರೆದೆ. ಆ ಹೆಸರಿನಲ್ಲಿ ಎರಡು ಒತ್ತಕ್ಷರ. ಕೊನೆಯ "ಟ್ಟಣ" ಬರೆಯುವಾಗ ಎಡ ಹೆಬ್ಬೆರಳು ಮೊದಲ ಸಲ ನೊಂದಿತು. ಅವತ್ತು ಅದನ್ನು ಗಮನಕ್ಕೆ ತೆಗೆದುಕೊಳ್ಳಲಿಲ್ಲ. ಕಾವಲಿನವರು ಮಾತ್ರ ಖುಷಿಯಾಗಿ ಬಿಟ್ಟು ಕಳಿಸಿದರು.

ಗಟ್ಟಿ ಸ್ವಿಚ್ಚು

ಮೊದಲ ವಾರದ ದೂರು ಸ್ವಿಚ್ಚಿನದೇ. ರಿಮೋಟು, ಮಿಕ್ಸರು, ಲಿಫ್ಟಿನ ಗುಂಡಿಗಳ ಕೆಳಗೆ ಇರುತ್ತವಲ್ಲ, ಟಕ್ ಅನ್ನುವ ಚಿಕ್ಕ ಚೌಕದ ಸ್ವಿಚ್, ಅದನ್ನೇ ಇಲ್ಲಿ ಹಾಕಿದ್ದರು. 6 ಮಿಲಿಮೀಟರ್ ಚೌಕ. ಈ ಸ್ವಿಚ್ಚುಗಳು ಬೇರೆ ಬೇರೆ ಗಡಸಿನಲ್ಲಿ ಸಿಗುತ್ತವೆ. ಅವರು ತಂದದ್ದು ಒತ್ತಲು ಸುಮಾರು 250 ಗ್ರಾಂ ಬಲ ಕೇಳುವಂಥದ್ದು. ಮೇಜಿನ ಮೇಲಿನ ಒಳ್ಳೆಯ ಮೆಕ್ಯಾನಿಕಲ್ ಕೀಬೋರ್ಡ್ 45ರಿಂದ 60 ಗ್ರಾಂಗೇ ಒಪ್ಪುತ್ತದೆ. ಲಿಫ್ಟಿನ ಗುಂಡಿ ದಿನಕ್ಕೆ ನಾಲ್ಕು ಸಲ ಒತ್ತುತ್ತೇವೆ, ಅದಕ್ಕೆ ಗಡಸು ಇದ್ದರೆ ಪರವಾಗಿಲ್ಲ. ಒಂದು ಪುಟ ಕನ್ನಡಕ್ಕೆ ಸಾವಿರಾರು ಸಲ ಒತ್ತಬೇಕು.

"ಗಟ್ಟಿ ಇದ್ದರೆ ಜೇಬಲ್ಲಿ ತಾನಾಗೇ ಒತ್ತಿಕೊಳ್ಳಲ್ಲ ಅಂತ ಹಾಕಿದ್ವಿ" ಅಂದ ತಮ್ಮ. "ಮುಚ್ಚಳ ಮುಚ್ಚಿರುತ್ತಲ್ಲೋ" ಅಂದೆ. ಒಂದು ಕ್ಷಣ ಸುಮ್ಮನಾದ.

ಶನಿವಾರ ಇಬ್ಬರೂ ಚಿಕ್ಕಪೇಟೆ ನಿಲ್ದಾಣದಲ್ಲಿ ಇಳಿದು ಎಸ್‌ಪಿ ರೋಡಿಗೆ ಹೋದೆವು. ಬೆಂಗಳೂರಿನಲ್ಲಿ ಎಲೆಕ್ಟ್ರಾನಿಕ್ಸ್ ಕಲಿತವರಿಗೆಲ್ಲ ಅದೊಂದು ತವರುಮನೆ. ಸಾದರ ಪತ್ರಪ್ಪ ರಸ್ತೆ ಅನ್ನುವ ಪೂರ್ತಿ ಹೆಸರು ಯಾರ ಬಾಯಲ್ಲೂ ಇಲ್ಲ. ಅಂಗಡಿಯವರಿಗೆ ಗ್ರಾಂ ಲೆಕ್ಕ ಬೇಕಾಗಿಲ್ಲ. "ಸಾಫ್ಟ್ ಬೇಕಾ, ಹಾರ್ಡ್ ಬೇಕಾ?" ಅಂತ ಕೇಳಿ ಎರಡು ಪೊಟ್ಟಣ ಮುಂದಿಟ್ಟರು. ಗಲ್ಲಾದ ಮೇಲಿಟ್ಟು ಹೆಬ್ಬೆರಳಿನಿಂದ ಒತ್ತಿ ಒತ್ತಿ ನೋಡಿ ಮೆತ್ತನೆಯದನ್ನು ಆರಿಸಿದೆ. 100 ಗ್ರಾಂ ಸುಮಾರಿನದು. ತರಕಾರಿ ಆರಿಸಿದ ಹಾಗೆ ಸ್ವಿಚ್ ಆರಿಸಿದ್ದು ನನಗೆ ಅದೇ ಮೊದಲು.

ಸ್ವಿಚ್ ಮೆತ್ತಗಾಯಿತು, ಹೊಸ ತೊಂದರೆ ಬಂತು. ಒಂದು ಸಲ ಒತ್ತಿದರೆ ಎರಡು ಸಲ ಬೀಳುತ್ತಿತ್ತು. ಸ್ವಿಚ್ಚಿನ ಒಳಗಿನ ತಗಡು ಮುಟ್ಟುವಾಗ ಒಮ್ಮೆಲೇ ಕೂರುವುದಿಲ್ಲ. ಕೆಲವು ಮಿಲಿಸೆಕೆಂಡು ಕುಪ್ಪಳಿಸುತ್ತದೆ. ಅಷ್ಟು ಹೊತ್ತು ಕಾಯಬೇಕು ಅಂತ ಕೀಬೋರ್ಡಿನ ಚಿಪ್ಪಿಗೆ ಹೇಳಿಕೊಡಬೇಕು. ಅವರು ಬಳಸಿದ್ದು ಕ್ಯೂಎಂಕೆ ಅನ್ನುವ ತೆರೆದ ತಂತ್ರಾಂಶ. ಅದರಲ್ಲಿ ಹೇಳದೆ ಬಿಟ್ಟರೆ ಕಾಯುವ ಸಮಯ 5 ಮಿಲಿಸೆಕೆಂಡು. ಈ ಅಗ್ಗದ ಸ್ವಿಚ್ಚಿಗೆ ಅದು ಸಾಲದು. ಇಂಗ್ಲಿಷಿನಲ್ಲಿ ಒಂದು ಅಕ್ಷರ ಎರಡು ಸಲ ಬಿದ್ದರೆ ಕಣ್ಣಿಗೆ ಅಷ್ಟು ಚುಚ್ಚುವುದಿಲ್ಲ. ಕನ್ನಡದಲ್ಲಿ ಒತ್ತಕ್ಷರ ಮಾಡುವ ಒತ್ತಿನ ಕೀ ಎರಡು ಸಲ ಬಿದ್ದರೆ ಅಕ್ಷರವೇ ಒಡೆದು, ನಡುವೆ ಚುಕ್ಕಿ ಚುಕ್ಕಿಯ ಒಂದು ವೃತ್ತ ಬಂದು ಕೂರುತ್ತದೆ. ಆ ಹುಡುಗಿ ಕಾಯುವ ಸಮಯ ಹೆಚ್ಚಿಸಿದಳು. ವೃತ್ತಗಳು ಹೋದವು.

ಬೆರಳಿನ ಲೆಕ್ಕ

ಈಗ ಅಸಲು ವಿಷಯ. ಸ್ವಿಚ್ ಮೆತ್ತಗಾದ ಮೇಲೂ ಲಾಲ್‌ಬಾಗ್ ನಿಲ್ದಾಣ ಬರುವಷ್ಟರಲ್ಲಿ ನನ್ನ ಎಡ ಹೆಬ್ಬೆರಳಿನ ಬುಡ ಹಿಡಿದುಕೊಳ್ಳುತ್ತಿತ್ತು. ಬನಶಂಕರಿಯಿಂದ ಅಲ್ಲಿಗೆ ನಾಲ್ಕೇ ನಿಲ್ದಾಣ. ಬಲ ಹೆಬ್ಬೆರಳು ಆರಾಮಾಗಿತ್ತು. ನಾನು ಬಲಗೈಯವಳು, ಎಡಗೈ ಸೋತಿರಬಹುದು ಅಂದುಕೊಂಡೆ. ಎರಡು ದಿನ ಹಾಗೇ ಸಮಾಧಾನ ಮಾಡಿಕೊಂಡೆ. ಹಿಂದೆ ಬ್ಲ್ಯಾಕ್‌ಬೆರಿ ಫೋನುಗಳ ಕಾಲದಲ್ಲಿ ಈ ನೋವಿಗೆ ಬ್ಲ್ಯಾಕ್‌ಬೆರಿ ಹೆಬ್ಬೆರಳು ಅಂತಲೇ ಹೆಸರು ಬಿದ್ದಿತ್ತು. ಆದರೆ ಅದು ಎರಡೂ ಕೈಗೆ ಬರಬೇಕಲ್ವಾ? ನನಗೇಕೆ ಒಂದೇ ಕೈಗೆ?

ಒಂದು ಬೆಳಿಗ್ಗೆ ಸೀಟು ಸಿಕ್ಕಿತು. ಬರೆಯುವುದನ್ನು ಬಿಟ್ಟು ಎಣಿಸಲು ಕೂತೆ.

"ಬರುತ್ತಿದ್ದಾರೆ" ಅನ್ನುವ ಮಾತನ್ನು ತೆಗೆದುಕೊಳ್ಳಿ. ಕೆ.ಪಿ. ರಾವ್ ವಿನ್ಯಾಸದಲ್ಲಿ ಇದಕ್ಕೆ ಒತ್ತಬೇಕಾದ ಕೀಗಳು ಹೀಗೆ: ಬಿ, ಆರ್, ಯು, ಟಿ, ಎಫ್, ಟಿ, ಐ, ಡಿ, ಎಫ್, ಡಿ, ಶಿಫ್ಟ್ ಹಿಡಿದು ಎ, ಆರ್, ಇ. ಎಫ್ ಇಲ್ಲಿ ಒತ್ತಿನ ಕೀ. ಮೊದಲ ಅಕ್ಷರ, ಎಫ್, ಆಮೇಲೆ ಕೆಳಗೆ ಬರುವ ಅಕ್ಷರ. ಒಟ್ಟು 13 ಕೀ. ಕೀಬೋರ್ಡನ್ನು ನಡುವೆ ಸೀಳಿದರೆ ಅದರಲ್ಲಿ 11 ಎಡಗಡೆಯವು. ಬಲಗಡೆಗೆ ಬಂದದ್ದು ಯು ಮತ್ತು ಐ, ಎರಡೇ. ಶಿಫ್ಟೂ ಎಡಮೂಲೆಯಲ್ಲೇ ಇದೆ. ಅದನ್ನೂ ಸೇರಿಸಿದರೆ ಎಡಕ್ಕೆ 12, ಬಲಕ್ಕೆ 2.

"ಮಾಡುತ್ತಿದ್ದೇನೆ" ಎಣಿಸಿದೆ. 14 ಕೀ, ಎರಡು ಶಿಫ್ಟ್. ಎಡಕ್ಕೆ 12, ಬಲಕ್ಕೆ 4. ಅದಕ್ಕೆ ಬೇರೆ ಶಿಫ್ಟ್ ಮತ್ತು ಎ ಎರಡೂ ಎಡದಲ್ಲೇ. ಒಂದೇ ಹೆಬ್ಬೆರಳು ಎರಡನ್ನೂ ಹಿಡಿಯಲಾರದು. ಹಾಗಾಗಿ ಎಡದಿಂದ ಶಿಫ್ಟ್ ಹಿಡಿದು, ಬಲ ಹೆಬ್ಬೆರಳನ್ನು ಇಡೀ ಕೀಬೋರ್ಡ್ ದಾಟಿಸಿ ಎ ಒತ್ತುತ್ತಿದ್ದೆ. ಕನ್ನಡದಲ್ಲಿ ದೀರ್ಘಕ್ಕೆಲ್ಲ ಶಿಫ್ಟ್ ಬೇಕು. ಮಹಾಪ್ರಾಣಕ್ಕೆ ಬೇಕು. ಳ, ಣ, ಶ, ಅನುಸ್ವಾರಕ್ಕೂ ಬೇಕು. ಬೆಂಗಳೂರು ಅನ್ನುವ ಒಂದೇ ಮಾತಿನಲ್ಲಿ ಮೂರು ಶಿಫ್ಟ್. ಅದನ್ನೇ ಇಂಗ್ಲಿಷಿನಲ್ಲಿ ಬರೆದರೆ ಮೊದಲ ಅಕ್ಷರಕ್ಕೆ ಒಂದು, ಅಷ್ಟೇ.

ನಮ್ಮ ಭಾಷೆಯ ಸ್ವಭಾವ ಇದು. ಕ್ರಿಯಾಪದಗಳ ಬಾಲದಲ್ಲಿ ತ್ತ, ದ್ದ, ಟ್ಟ ಬಂದು ಕೂರುತ್ತವೆ. ಬಂದಿದ್ದಾರೆ, ಕೊಟ್ಟಿದ್ದಾರೆ, ಹೋಗುತ್ತಿತ್ತು. ತ ಇರುವುದು ಟಿ ಮೇಲೆ, ದ ಡಿ ಮೇಲೆ, ಟ ಕ್ಯೂ ಮೇಲೆ. ಒತ್ತು ಎಫ್ ಮೇಲೆ. ಎಲ್ಲವೂ ಎಡ. ಅಕ್ಕ, ಇಲ್ಲ, ಅನ್ನ ಬರೆಯುವಾಗ ತೊಂದರೆ ಇಲ್ಲ, ಕ, ಲ, ನ ಬಲಗಡೆ ಇವೆ. ಬಲ, ಎಡ, ಬಲ ಅಂತ ಹೆಬ್ಬೆರಳುಗಳು ಕೋಲಾಟ ಆಡಿದ ಹಾಗೆ ಹೋಗುತ್ತದೆ. ತ್ತ ಬಂತೋ, ಒಂದೇ ಬೆರಳು ಟಿ, ಎಫ್, ಟಿ ಅಂತ ಮೇಲೆ ಕೆಳಗೆ ಮೇಲೆ ಓಡಬೇಕು.

ದೊಡ್ಡ ಕೀಬೋರ್ಡಿನಲ್ಲಿ ಹದಿನೈದು ವರ್ಷದಿಂದ ಇದೇ ವಿನ್ಯಾಸ ಬಳಸಿದ್ದೇನೆ. ಅಲ್ಲೂ ಟಿ ಮತ್ತು ಎಫ್ ಎಡ ತೋರುಬೆರಳಿನ ಪಾಲಿಗೇ ಬರುತ್ತವೆ. ಆದರೆ ಶಿಫ್ಟಿಗೆ ಕಿರುಬೆರಳು ಇದೆ, ಡಿಗೆ ನಡುಬೆರಳು ಇದೆ. ಐದು ಬೆರಳು ಹಂಚಿಕೊಂಡ ಕೆಲಸ ಕಾಣುವುದಿಲ್ಲ. ಒಂದೇ ಬೆರಳಿನ ತಲೆಗೆ ಬಂದಾಗ ಕಂಡಿತು. ಕೆ.ಪಿ. ರಾವ್ ವಿನ್ಯಾಸದ ತಪ್ಪು ಅಂತ ನಾನು ಹೇಳುವುದಿಲ್ಲ. ಕ ಬೇಕಾದರೆ ಕೆ, ಮ ಬೇಕಾದರೆ ಎಂ. ಇಂಗ್ಲಿಷ್ ಕೀಬೋರ್ಡ್ ಗೊತ್ತಿರುವ ಯಾರೂ ಒಂದು ವಾರದಲ್ಲಿ ಕಲಿಯಬಹುದು. ಅದು ಹತ್ತು ಬೆರಳಿಗೆ ಮಾಡಿದ್ದು. ಎರಡು ಹೆಬ್ಬೆರಳಿನ ಯಂತ್ರ ಮಾಡುವವರು ಅದನ್ನು ಹಾಗೇ ತಂದು ಕೂರಿಸಿದರೆ ಲೆಕ್ಕ ತಪ್ಪುತ್ತದೆ.

ಈ ಎಣಿಕೆಯನ್ನು ಒಂದು ಹಾಳೆಯ ಮೇಲೆ ಬರೆದುಕೊಂಡು ಗಿರಣಿ ಮೇಲೆ ಹೋದೆ. ತಮ್ಮ ಓದಿ, "ಅಕ್ಕ, ಇನ್‌ಸ್ಕ್ರಿಪ್ಟ್ ಕಲಿತುಬಿಡು, ಮುಗೀತು" ಅಂದ.

ಅವನ ಮಾತಿನಲ್ಲಿ ಹುರುಳಿತ್ತು. ಇನ್‌ಸ್ಕ್ರಿಪ್ಟ್ ಸರ್ಕಾರ 1986ರಲ್ಲಿ ಭಾರತದ ಭಾಷೆಗಳಿಗೆಲ್ಲ ಒಂದೇ ಅಂತ ಗೊತ್ತುಮಾಡಿದ ವಿನ್ಯಾಸ. ಅದರಲ್ಲಿ ಸ್ವರಗಳೆಲ್ಲ ಎಡಗೈಗೆ, ವ್ಯಂಜನಗಳು ಹೆಚ್ಚಾಗಿ ಬಲಗೈಗೆ. ಒತ್ತು ಡಿ ಮೇಲೆ, ತ ಎಲ್ ಮೇಲೆ, ದ ಓ ಮೇಲೆ. ತ್ತ ಬರೆದರೆ ಬಲ, ಎಡ, ಬಲ. ದ್ದ ಬರೆದರೂ ಹಾಗೇ. ಹೆಬ್ಬೆರಳಿಗೆ ಅಂತಲೇ ಮಾಡಿದ ಹಾಗಿದೆ, ಆ ಕಾಲದಲ್ಲಿ ಯಾರೂ ಹಾಗೆ ಯೋಚಿಸಿರಲಾರರು. ನ್ನ ಮಾತ್ರ ಎಡಗಡೆಯೇ ಸಿಕ್ಕಿಕೊಳ್ಳುತ್ತದೆ, ನ ಇರುವುದು ವಿ ಮೇಲೆ. ಕನ್ನಡ ಅನ್ನುವ ಮಾತೇ ಅಲ್ಲಿ ಎಡವುತ್ತದೆ ಅನ್ನುವುದು ಬೇರೆ ವಿಷಯ.

ಎರಡು ದಿನ ಪ್ರಯತ್ನ ಮಾಡಿದೆ. ಆಗಲಿಲ್ಲ. ಆಗಲಿಲ್ಲ ಅನ್ನುವುದಕ್ಕಿಂತ ನಾನು ಒಲ್ಲೆ ಅಂದೆ ಅನ್ನಬೇಕು. ಬೆರಳಿಗೆ ಇಷ್ಟು ವರ್ಷದ ರೂಢಿ ಇದೆ. ಆಫೀಸಿನಲ್ಲಿ ಒಂದು, ಮೆಟ್ರೋದಲ್ಲಿ ಒಂದು ಅಂತ ಇಟ್ಟುಕೊಂಡರೆ ಎರಡೂ ಕೆಡುತ್ತವೆ. ಹೊಸದಾಗಿ ಕನ್ನಡ ಟೈಪಿಂಗ್ ಕಲಿಯುವವರು ಈ ಯಂತ್ರ ತೆಗೆದುಕೊಂಡರೆ ಇನ್‌ಸ್ಕ್ರಿಪ್ಟೇ ಕಲಿಯಲಿ, ನನ್ನ ಸಲಹೆ ಅದೇ. ನುಡಿ ರೂಢಿಯವರು ಬಿಡುವುದಿಲ್ಲ. ಅಂಥವರೇ ಇಲ್ಲಿ ಜಾಸ್ತಿ.

ದಾರಿ ತೋರಿಸಿದ್ದು ಹಾಸನದ ಹುಡುಗಿ. "ಅಕ್ಕಾ, ಒತ್ತು ಒಂದೇ ಕಡೆ ಯಾಕಿರಬೇಕು?" ಅಂದಳು. ಎಲ್ ಪಕ್ಕದಲ್ಲಿ, ಬಲ ಹೆಬ್ಬೆರಳು ಸುಲಭವಾಗಿ ತಲುಪುವ ಕಡೆ, ಅರ್ಧವಿರಾಮದ ಕೀ ಇದೆ. ಕೋಡ್ ಬರೆಯುವವರಿಗೆ ಅದು ಪ್ರಾಣ. ಕನ್ನಡ ಬರೆಯುವಾಗ ಯಾರು ಮುಟ್ಟುತ್ತಾರೆ? ಕನ್ನಡ ಇರುವಾಗ ಅದೂ ಒತ್ತಾಗಲಿ. ಎಫ್ ಎಲ್ಲೂ ಹೋಗುವುದಿಲ್ಲ. ತ್ತ, ದ್ದಗೆ ಬಲಗಡೆಯ ಒತ್ತು, ಕ್ಕ, ಲ್ಲಗೆ ಎಡಗಡೆಯ ಒತ್ತು. ಜೊತೆಗೆ ಬಲಗಡೆ ಕೆಳಮೂಲೆಯಲ್ಲಿ ಇನ್ನೊಂದು ಶಿಫ್ಟ್. ಎರಡನ್ನೂ ಹಿಡಿದುಕೊಂಡಿರಬೇಕಿಲ್ಲ, ಒಮ್ಮೆ ಒತ್ತಿ ಬಿಟ್ಟರೆ ಮುಂದಿನ ಒಂದು ಅಕ್ಷರಕ್ಕೆ ಅನ್ವಯಿಸುತ್ತದೆ. ಕ್ಯೂಎಂಕೆಯಲ್ಲಿ ಇದು ಮೊದಲಿನಿಂದಲೂ ಇತ್ತು, ಆನ್ ಮಾಡಿರಲಿಲ್ಲ ಅಷ್ಟೇ.

ಮತ್ತೆ ಎಣಿಸಿದೆವು. "ಮಾಡುತ್ತಿದ್ದೇನೆ" ಈಗ ಎಡಕ್ಕೆ 8, ಬಲಕ್ಕೆ 8. ತಕ್ಕಡಿಯಲ್ಲಿ ತೂಗಿದ ಹಾಗೆ. "ಬರುತ್ತಿದ್ದಾರೆ" 9 ಮತ್ತು 5. ಅದು ಇನ್ನೂ ಎಡಕ್ಕೆ ವಾಲಿದೆ, ಆದರೆ 12 ಮತ್ತು 2ರಿಂದ ಬಂದದ್ದು.

ಮೊದಲ ಪ್ರಯತ್ನ ಕೆಟ್ಟಿತು. ಅವಳು ಬದಲಾವಣೆಯನ್ನು ಕೀಬೋರ್ಡಿನ ಚಿಪ್ಪಿನೊಳಗೇ ಮಾಡಿದ್ದಳು. ಭಾಷೆ ಬದಲಿಸುವ ಕೀ ಒತ್ತಿದಾಗ ಚಿಪ್ಪು ತನ್ನ ಲೆಕ್ಕ ಬದಲಿಸುತ್ತದೆ, ಕಂಪ್ಯೂಟರ್ ತನ್ನದನ್ನು. ಆ ಕೀ ಒತ್ತಿದ್ದು ಒಮ್ಮೆ ಕಂಪ್ಯೂಟರಿಗೆ ಗೊತ್ತಾಗದೆ ಹೋದರೆ ಒಬ್ಬರು ಕನ್ನಡದಲ್ಲಿ, ಒಬ್ಬರು ಇಂಗ್ಲಿಷಿನಲ್ಲಿ. ಆ ರಾತ್ರಿ ತಮ್ಮ ಬರೆದ ಕೋಡಿನಲ್ಲಿ ಪ್ರತಿ ಸಾಲಿನ ಕೊನೆಗೂ ಅರ್ಧವಿರಾಮದ ಬದಲು ಎಫ್ ಬಂದಿತ್ತು. ಅವನ ಮುಖ ನೋಡಬೇಕಿತ್ತು. ಆಮೇಲೆ ಚಿಪ್ಪನ್ನು ಅದರ ಪಾಡಿಗೆ ಬಿಟ್ಟು, ಲಿನಕ್ಸಿನ ಕನ್ನಡ ವಿನ್ಯಾಸದ ಕಡತದಲ್ಲೇ ಆ ಕೀಗೆ ಒತ್ತು ಅಂತ ಒಂದು ಸಾಲು ತಿದ್ದಿದರು. ಕನ್ನಡ ಇದ್ದಾಗ ಮಾತ್ರ ಆ ಕಡತ ಕೆಲಸ ಮಾಡುತ್ತದೆ, ಹಾಗಾಗಿ ಗೊಂದಲಕ್ಕೆ ದಾರಿಯೇ ಇಲ್ಲ.

ಹೊಸ ಜಾಗಕ್ಕೆ ಬೆರಳು ಹೊಂದಿಕೊಳ್ಳಲು ನಾಲ್ಕು ದಿನ ಹಿಡಿಯಿತು. ಐದನೆಯ ದಿನ ಮೆಜೆಸ್ಟಿಕ್ ಬಂದಾಗಲೂ ಬರೆಯುತ್ತಲೇ ಇದ್ದೆ. ಇಳಿಯುವುದು ಮರೆತು ಸಂಪಿಗೆ ರಸ್ತೆವರೆಗೆ ಹೋದೆ. ಇದಕ್ಕಿಂತ ಒಳ್ಳೆಯ ಸರ್ಟಿಫಿಕೇಟು ನನ್ನಿಂದ ಅವರಿಗೆ ಸಿಗಲಾರದು.

ಪರದೆ, ಬಿಸಿಲು, ಬ್ಯಾಟರಿ

ಯಂತ್ರ ಆನ್ ಮಾಡಿದರೆ ಕಪ್ಪು ಪರದೆಯ ಮೇಲೆ ಹಸಿರು ಅಕ್ಷರದ ಕನ್ಸೋಲ್, ಅಂದರೆ ಬರೀ ಅಕ್ಷರಗಳಲ್ಲಿ ಆಜ್ಞೆ ಕೊಡುವ ಪರದೆ, ಬರುತ್ತಿತ್ತು. ಹುಡುಗರಿಗೆ ಅದೇ ಹೆಮ್ಮೆ. ಅಲ್ಲಿ ಕನ್ನಡ ಬರೆದರೆ ಬರೀ ಡಬ್ಬಿಗಳು. "ಯುನಿಕೋಡಲ್ಲಿ ಕನ್ನಡಕ್ಕೆ ಇರೋದು 128 ಮನೆ, ಕನ್ಸೋಲ್ 512 ರೂಪದ ತನಕ ಇಟ್ಟುಕೊಳ್ಳುತ್ತೆ, ಹಿಡಿಸುತ್ತಲ್ಲ" ಅಂತ ತಮ್ಮ ವಾದ ಮಾಡಿದ. ಹಿಡಿಸುವುದು ಬೇರೆ, ಜೋಡಿಸುವುದು ಬೇರೆ. ಕ, ಒತ್ತು, ಷ ಮೂರೂ ಸೇರಿ ಕ್ಷ ಆಗಬೇಕು. "ಸೂರ್ಯ"ದಲ್ಲಿ ರ ಮುಂದೆ ಹೋಗಿ ಅರ್ಕಾವತ್ತಾಗಬೇಕು. "ರ‍್ಯಾಂಕ್"ನಲ್ಲಿ ಹಾಗಾಗದೆ ರ ತನ್ನ ಜಾಗದಲ್ಲೇ ಇರಬೇಕು. ಈ ಜೋಡಣೆಯ ಕೆಲಸ ಕನ್ಸೋಲಿಗೆ ಬರುವುದಿಲ್ಲ. ಅದು ಒಂದು ಅಕ್ಷರಕ್ಕೆ ಒಂದು ಚೌಕ ಅನ್ನುವ ಲೆಕ್ಕದಲ್ಲಿ ಹುಟ್ಟಿದ್ದು. ಹಾರ್ಫ್‌ಬಜ್ ಅನ್ನುವ ಜೋಡಣೆಯ ತಂತ್ರಾಂಶ ಬಳಸುವ ಸಾಮಾನ್ಯ ಬರಹದ ಕಿಟಕಿ ತೆರೆದರೆ ಎಲ್ಲ ಸರಿಯಾಗಿ ಬರುತ್ತದೆ. ಗುಬ್ಬಿ ಮತ್ತು ನವಿಲು ಅಕ್ಷರಶೈಲಿ ಹಾಕಿಸಿಕೊಂಡೆ. ಆಮೇಲೂ ಸಾಲುಗಳ ನಡುವಿನ ಜಾಗ ಹೆಚ್ಚಿಸಬೇಕಾಯಿತು, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತಿತ್ತು. ಹಾಗಾಗಿ ಇಂಗ್ಲಿಷ್ 20 ಸಾಲು ಕಾಣುವ ಪರದೆಯಲ್ಲಿ ಕನ್ನಡ 13 ಸಾಲು. ಬರೆಯಲು ಸಾಕು, ತಿದ್ದಲು ಸಾಲದು.

ಏಪ್ರಿಲ್‌ನಲ್ಲಿ ಒಂದು ಮಧ್ಯಾಹ್ನ ಗಾಂಧಿ ಬಜಾರಿನಲ್ಲಿ ಸ್ಕೂಟರ್ ಬಿಸಿಲಿಗೆ ನಿಲ್ಲಿಸಿ, ಯಂತ್ರವನ್ನು ಸೀಟಿನ ಕೆಳಗಿನ ಡಬ್ಬಿಯಲ್ಲಿಟ್ಟು ತರಕಾರಿಗೆ ಹೋದೆ. ಬಂದು ನೋಡಿದರೆ ಮುಚ್ಚಳದ ಕೀಲು ಸೊಟ್ಟಗಾಗಿತ್ತು. ಪಿಎಲ್ಎ ಅನ್ನುವ ಪ್ಲಾಸ್ಟಿಕ್ 60 ಡಿಗ್ರಿ ಸುಮಾರಿಗೆ ಮೆತ್ತಗಾಗುತ್ತದೆ, ಪ್ರಿಂಟ್ ಮಾಡಲು ಸುಲಭ ಅಂತ ಎಲ್ಲರೂ ಅದನ್ನೇ ಬಳಸುತ್ತಾರೆ. ಅಚ್ಚಿನ ಕೆಲಸ ಗೊತ್ತಿರುವ ಮೂರನೆಯವನು ಪೀಣ್ಯದಲ್ಲಿ ಪಳಗಿದವನು. ಅವನು ಬೈಯಲಿಲ್ಲ. "ಒಳ್ಳೇದೇ ಆಯ್ತು ಬಿಡಿ ಮೇಡಂ" ಅಂತ ಕೀಲನ್ನು ಎಬಿಎಸ್ ಅನ್ನುವ ಇನ್ನೊಂದು ಪ್ಲಾಸ್ಟಿಕ್ಕಿನಲ್ಲಿ ಮಾಡಿಕೊಟ್ಟ. ಅದು 100 ಡಿಗ್ರಿಯ ಹತ್ತಿರದವರೆಗೂ ತಡೆಯುತ್ತದೆ.

ಕೀಲಿನ ಇನ್ನೊಂದು ದೂರು ಹಾಗೇ ಉಳಿದಿದೆ. ಮೇಜಿನ ಮೇಲಿಟ್ಟು ಮುಚ್ಚಳ ಪೂರ್ತಿ ತೆರೆದರೆ ಯಂತ್ರ ಹಿಂದಕ್ಕೆ ಮಗುಚುತ್ತದೆ. ಪರದೆಯ ಕಡೆ ಭಾರ ಜಾಸ್ತಿ. ಸಯಾನ್‌ನವರು ಇದಕ್ಕೆ 1997ರಲ್ಲೇ ಉಪಾಯ ಕಂಡಿದ್ದರು. ಮುಚ್ಚಳ ಎತ್ತಿದಂತೆ ಕೀಬೋರ್ಡೇ ಮುಂದಕ್ಕೆ ಜಾರಿ ಬರುತ್ತಿತ್ತು, ಭಾರ ಸರಿತೂಗುತ್ತಿತ್ತು. ಅಂಥ ಕೀಲು ಮಾಡಲು ಒಳ್ಳೆಯ ಅಚ್ಚು ಬೇಕು, ಅಚ್ಚಿಗೆ ದುಡ್ಡು ಬೇಕು. ಸದ್ಯಕ್ಕೆ ಸೆಲ್ಲುಗಳನ್ನು ಕೀಬೋರ್ಡಿನ ಮುಂದಿನ ಅಂಚಿಗೆ ತರುವ ಯೋಚನೆ ನಡೆದಿದೆ.

ಬ್ಯಾಟರಿ ವಿಷಯ ಬೇಗ ಮುಗಿಸುತ್ತೇನೆ. ಸೆಲ್ಲಿಗೆ 3.7 ವೋಲ್ಟ್, 3000 ಮಿಲಿಆಂಪ್ ಗಂಟೆ. ಎರಡು ಸೇರಿ 22 ವಾಟ್ ಗಂಟೆ. ಯಂತ್ರ ಕುಡಿಯುವುದು 5 ವಾಟ್. ಕಾಗದದ ಮೇಲೆ ನಾಲ್ಕು ಗಂಟೆಗೂ ಮೇಲೆ, ನನ್ನ ಕೈಯಲ್ಲಿ ಮೂರೂವರೆ. ಅದು ಸಾಕಿತ್ತು. ನೋವು ಏನೆಂದರೆ ಈ ಬೋರ್ಡಿಗೆ ನಿದ್ದೆ ಮಾಡಲು ಬರುವುದಿಲ್ಲ. ಮುಚ್ಚಳ ಮುಚ್ಚಿದರೆ ಲ್ಯಾಪ್‌ಟಾಪ್ ಮಲಗುತ್ತದೆ. ಇದು ಬ್ಯಾಗಿನೊಳಗೂ ಎಚ್ಚರವಾಗಿ ಬೆಚ್ಚಗೆ ಉರಿಯುತ್ತಿರುತ್ತದೆ. ಪೂರ್ತಿ ಆರಿಸಬೇಕು, ಮತ್ತೆ ಹೊತ್ತಿಸಬೇಕು, ಅರ್ಧ ನಿಮಿಷ ಕಾಯಬೇಕು. ಒಂದು ಸಾಲು ಹೊಳೆದಾಗ ಅರ್ಧ ನಿಮಿಷ ದೊಡ್ಡದು. ಎಷ್ಟೋ ಸಲ ಅದನ್ನು ಹೊರಗೆ ತೆಗೆಯದೆ ಫೋನಿನಲ್ಲೇ ಗೀಚಿಕೊಂಡಿದ್ದೇನೆ. ನಿಂತುಕೊಂಡಂತೂ ಬರೆಯಲು ಆಗಲೇ ಇಲ್ಲ, ಒಂದು ಕೈ ಮೇಲಿನ ಹಿಡಿಕೆಗೆ ಬೇಕಲ್ಲ.

ವಾಪಸು ಕೊಟ್ಟ ಮೇಲೆ

ಮೂರು ವಾರ ಅಂದದ್ದು ಐದು ವಾರ ಆಯಿತು. ಅಷ್ಟರಲ್ಲಿ ಆ ಯಂತ್ರದ ಮೇಲೆ ಎರಡು ಲೇಖನ ಪೂರ್ತಿ ಬರೆದೆ. ಕೊಳ್ಳುತ್ತೀಯಾ ಅಂತ ತಮ್ಮ ಕೇಳಿದ. ನಿದ್ದೆ ಮಾಡಲು ಕಲಿತ ದಿನ ಕೊಳ್ಳುತ್ತೇನೆ ಅಂದೆ. ಅವನಿಗೆ ಬೇಸರವಾಯಿತು, ಆದರೆ ಬೇರೆ ಬೋರ್ಡ್ ಹುಡುಕಲು ಶುರು ಮಾಡಿದ್ದಾನೆ.

ಮೂರನೆಯ ಮಾದರಿಯ ಕೀಬೋರ್ಡ್ ಮೊನ್ನೆ ಬಂತು. ಎರಡು ಶಿಫ್ಟ್, ಎರಡು ಒತ್ತು. ಈಗ ಜಗಳ ನಡೆಯುತ್ತಿರುವುದು ಆ ಹೊಸ ಒತ್ತಿನ ಕೀ ಮೇಲೆ ಏನು ಅಚ್ಚು ಹಾಕಬೇಕು ಅಂತ. ಎಫ್ ಅಂತ ಎರಡು ಕಡೆ ಹಾಕಲು ಬರುವುದಿಲ್ಲ. ಹಲಂತದ ಗುರುತು ಹಾಕಿದರೆ ಆ ಚಿಕ್ಕ ಕೊಂಡಿ ಯಾರಿಗೂ ಅರ್ಥವಾಗಲ್ಲ ಅನ್ನುತ್ತಾನೆ ತಮ್ಮ. ಅರ್ಧವಿರಾಮವನ್ನೇ ಬಿಡೋಣ, ಗೊತ್ತಿದ್ದವರಿಗೆ ಗೊತ್ತಿರುತ್ತೆ ಅನ್ನುತ್ತಾಳೆ ಹಾಸನದ ಹುಡುಗಿ. "ಒತ್ತು" ಅಂತ ಪೂರ್ತಿ ಬರೆಯಿರಿ ಅಂದೆ ನಾನು. ಇಬ್ಬರೂ ನಕ್ಕರು. ಎಲ್ಲ ಕೀಯನ್ನೂ ಒತ್ತಲೇಬೇಕಲ್ಲ, ಅದೊಂದರ ಮೇಲೆ ಹಾಗೆ ಬರೆದರೆ ಜನ ಏನಂದುಕೊಳ್ಳುತ್ತಾರೆ ಅಂತ.

ಸದ್ಯಕ್ಕೆ ಆ ಕೀ ಖಾಲಿ ಇದೆ.